ಮಿನುಗೋದೋ, ತಿರುಗೋದೋ: ಕೋಠಿಯ ಎರಡು ದೀಪ ಮತ್ತು ಪಲ್ಸಾರ್ ಕಥೆ

ಹೋದ ಭಾನುವಾರ ಚಾನೆಲ್‌ಗೆ ಹಾಕಿದ ಮಾತಿನ ಬರಹ ರೂಪ ಇದು. ಕ್ಯಾಬ್‌ನಲ್ಲಿ, ಮೆಟ್ರೋದಲ್ಲಿ ಕೂತು ಓದುವವರೇ ಹೆಚ್ಚು ಅಂತ ಗೊತ್ತಿರೋದ್ರಿಂದ ಮಾತನ್ನ ಒಂಚೂರು ಹದ ಮಾಡಿದ್ದೀನಿ. ವಿಡಿಯೋದಲ್ಲಿ ಬಿಟ್ಟುಹೋಗಿದ್ದ ಇಸವಿ, ಅಂಕಿಗಳನ್ನೂ ಇಲ್ಲಿ ಸೇರಿಸಿದ್ದೀನಿ.

ಮೇಜಿನ ಮೇಲೆ ಎರಡು ಕೆಂಪು ದೀಪ ಇದ್ದವಲ್ಲ, ಅವನ್ನ ಎಲ್ಲಿಂದ ತಂದಿರಿ ಅಂತ ಕೇಳಿದ್ರಿ. ಕೋಠಿಯಿಂದ. ಗಚ್ಚಿಬೌಲಿ, ಮಾಧಾಪುರದ ಆಚೆ ಹೈದರಾಬಾದನ್ನೇ ನೋಡದ ಹೊಸಬರಿಗೆ ಹೇಳಬೇಕು: ಇದು ಲಕ್ಷ-ಕೋಟಿಯ ಕೋಟಿ ಅಲ್ಲ, ಕೋಠಿ, ಅಂದ್ರೆ ದೊಡ್ಡ ಬಂಗಲೆ. 1800ರ ದಶಕದ ಮೊದಲ ವರ್ಷಗಳಲ್ಲಿ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಅನ್ನೋ ಬ್ರಿಟಿಷ್ ರೆಸಿಡೆಂಟ್ ಕಟ್ಟಿಸಿದ ರೆಸಿಡೆನ್ಸಿ ಅಲ್ಲಿದೆ. ಈಗ ಅದು ಹೆಣ್ಣುಮಕ್ಕಳ ವಿದ್ಯಾಸಂಸ್ಥೆಯ ಆವರಣ. ಅದರ ಆಸುಪಾಸಲ್ಲೇ ಸುಲ್ತಾನ್ ಬಜಾರು, ಹಳೇ ಪುಸ್ತಕದ ಅಂಗಡಿಗಳು, ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೆಸರಾದ ಗುಜರಾತಿ ಗಲ್ಲಿ. ನನ್ನ ಎರಡು ದೀಪ ಆ ಗಲ್ಲಿಯವು.

ಒಂದು ಎಲ್‌ಇಡಿ ದೀಪ, ಹತ್ತಿ ಆರಿ ಹತ್ತಿ ಆರಿ ಮಿನುಗತ್ತೆ. ಇನ್ನೊಂದು ಹಳೇ ಆಂಬುಲೆನ್ಸ್ ತಲೆ ಮೇಲೆ ಇರ್ತಿತ್ತಲ್ಲ, ಆ ಥರದ್ದು. ಒಳಗಿನ ಬಲ್ಬು ಒಂದೇ ಸಮನೆ ಉರೀತಾ ಇರತ್ತೆ, ಅದರ ಹಿಂದಿನ ಕನ್ನಡಿ ಸುತ್ತತ್ತೆ. ಅಂಗಡಿಯವರು ಎರಡನ್ನೂ ಹಚ್ಚಿ ತೋರಿಸಿ, ಒಂದೇ ಕೆಲಸಕ್ಕೆ ಎರಡು ಥರದ್ದು "ಕಾಯ್ಕೂ?" ಅಂದ್ರು. ಅವರ ಪ್ರಶ್ನೆ ಸರಿಯಾಗೇ ಇತ್ತು. ಅಪಾರ್ಟ್‌ಮೆಂಟಿನ ಉದ್ದನೆ ಕಾರಿಡಾರಿನ ಕೊನೆಗೆ ಎರಡನ್ನೂ ಇಟ್ಟು ಈ ತುದಿಯಿಂದ ನೋಡಿದ್ರೆ ಎರಡೂ ಒಂದೇ: ಬೆಳಕು, ಕತ್ತಲು, ಬೆಳಕು, ಕತ್ತಲು. ಹತ್ತಿರ ಹೋಗೋಕೆ ಬಿಡದೆ, ಯಾವುದು ಮಿನುಗ್ತಾ ಇದೆ, ಯಾವುದು ತಿರುಗ್ತಾ ಇದೆ ಹೇಳಿ ಅಂದ್ರೆ ಏನು ಮಾಡ್ತೀರಿ?

1968ರಲ್ಲಿ ಖಗೋಳ ವಿಜ್ಞಾನಿಗಳ ಮುಂದೆ ಇದ್ದ ಪ್ರಶ್ನೆ ಹೆಚ್ಚೂಕಮ್ಮಿ ಇದೇ. ಕಾರಿಡಾರಿನ ಉದ್ದ ಮಾತ್ರ ನೂರಾರು, ಸಾವಿರಾರು ಬೆಳಕಿನ ವರ್ಷ. ಅದಕ್ಕೆ ಸಿಕ್ಕ ಉತ್ತರದಲ್ಲಿ ಬೆಂಗಳೂರಿಗೆ, ಹುಬ್ಬಳ್ಳಿಗೆ, ಗೌರಿಬಿದನೂರಿಗೆ ಇರುವ ಪಾಲು ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಪಲ್ಸಾರ್ ಅಂದ ಕೂಡಲೆ ಬಜಾಜ್ ಬೈಕು ನೆನಪಾಗೋ ಊರಲ್ಲಿ ಇದನ್ನ ಹೇಳಲೇಬೇಕು ಅನ್ನಿಸ್ತು.

ಲಾಗ್ ಓದಿದ ಹುಡುಗಿ

1967. ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರ ನಾಲ್ಕೂವರೆ ಎಕರೆ ಬಯಲಲ್ಲಿ ಕಂಬ ನೆಟ್ಟು, ತಂತಿ ಎಳೆದು, 2048 ಡೈಪೋಲ್ ಆಂಟೆನಾಗಳ ರೇಡಿಯೋ ದೂರದರ್ಶಕ ಕಟ್ಟಿದ್ರು. ಕಟ್ಟಿದವರಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಒಬ್ಬರು, ಗುರು ಆಂಟನಿ ಹ್ಯೂಯಿಷ್. ಬಂದ ಸಂಕೇತವನ್ನೆಲ್ಲ ಪೆನ್ನೊಂದು ಉದ್ದನೆ ಕಾಗದದ ಮೇಲೆ ಗೀಚ್ತಾ ಹೋಗ್ತಿತ್ತು, ದಿನಕ್ಕೆ ಸುಮಾರು 30 ಮೀಟರ್. ಕಂಪ್ಯೂಟರ್‌ಗೆ ಕೊಡಲಿಲ್ಲ, ಬೆಲ್ ಕಣ್ಣಲ್ಲೇ ಓದ್ತಿದ್ರು. ನಮ್ಮ ಭಾಷೇಲಿ ಹೇಳೋದಾದ್ರೆ ರಾ ಲಾಗನ್ನ ಸಾಲು ಸಾಲಾಗಿ ಓದೋ ಕೆಲಸ.

ಇಡೀ ಆಕಾಶ ಒಂದು ಸುತ್ತು ನೋಡೋಕೆ ನಾಲ್ಕು ದಿನ, ಹತ್ತಿರ ಹತ್ತಿರ 120 ಮೀಟರ್ ಕಾಗದ. ಅದರಲ್ಲಿ ಅರ್ಧ ಸೆಂಟಿಮೀಟರ್‌ನಷ್ಟು ಜಾಗದಲ್ಲಿ ಒಂದು ಗೀಚು ಅವರ ಕಣ್ಣಿಗೆ ಬಿತ್ತು. ನಕ್ಷತ್ರದ್ದೂ ಅನ್ನಿಸಲಿಲ್ಲ, ಯಾವುದೋ ಗಾಡಿ ಇಂಜಿನ್ನಿನ ಗದ್ದಲವೂ ಅನ್ನಿಸಲಿಲ್ಲ. ಸಣ್ಣ ಸಂಗತಿ, ಬಿಟ್ಟು ಮುಂದೆ ಹೋಗಬಹುದಿತ್ತು. ಬೆಲ್ ಹಳೇ ಸುರುಳಿಗಳನ್ನ ತೆಗೆದು ನೋಡಿದ್ರು. ಅದೇ ಗೀಚು, ಆಕಾಶದ ಅದೇ ಜಾಗದಿಂದ, ಪ್ರತಿದಿನ ಸುಮಾರು ನಾಲ್ಕು ನಿಮಿಷ ಬೇಗ ಬರ್ತಿತ್ತು. ನಕ್ಷತ್ರಗಳು ದಿನಾ ಹುಟ್ಟೋದು ನಾಲ್ಕು ನಿಮಿಷ ಬೇಗ. ಭೂಮಿ ಮೇಲಿನ ಗಾಡಿಗೆ, ಫ್ಯಾಕ್ಟರಿಗೆ ಆ ಲೆಕ್ಕ ಇಲ್ಲ. ಅಂದ್ರೆ ಮೂಲ ಮೇಲಿಂದು.

ನವೆಂಬರ್ 28ರಂದು ಕಾಗದ ಜೋರಾಗಿ ಓಡೋ ಹಾಗೆ ಮಾಡಿ ಬಿಡಿಸಿ ನೋಡಿದಾಗ ಗೀಚು ಒಡೆದು ಮಿಡಿತಗಳಾಗಿ ಕಂಡಿತು. 1.337 ಸೆಕೆಂಡಿಗೊಂದು, ತಪ್ಪದೆ. ಯಾರೋ ಅನ್ಯಗ್ರಹದವರು ಕಳಿಸ್ತಿರಬಹುದು ಅಂತ ತಮಾಷೆಗೆ, ಸ್ವಲ್ಪ ಅಳುಕಿನಿಂದಲೂ, 'ಪುಟ್ಟ ಹಸಿರು ಮನುಷ್ಯರು' ಅಂತ ಹೆಸರಿಟ್ರು. ಡಿಸೆಂಬರಿನಲ್ಲಿ ಆಕಾಶದ ಬೇರೆ ಮೂಲೆಯಿಂದ ಅಂಥದ್ದೇ ಎರಡನೇದು ಸಿಕ್ಕಾಗ ಆ ಅಳುಕು ಹೋಯ್ತು. ಇದು ಪ್ರಕೃತಿಯದ್ದೇ. 1968ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಲೇಖನ ಬಂತು.

1974ರ ನೊಬೆಲ್ ಹ್ಯೂಯಿಷ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯ್ತು, ಬೆಲ್‌ಗೆ ಇಲ್ಲ. ವಿದ್ಯಾರ್ಥಿಗೆ ಕೊಡೋ ಪದ್ಧತಿ ಇಲ್ಲ ಅಂತ ಸಮರ್ಥಿಸೋರು ಇದ್ದಾರೆ, ಬೆಲ್ ಕೂಡ ದೊಡ್ಡ ಮನಸ್ಸಿನಿಂದ ಹಾಗೇ ಮಾತಾಡಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. 120 ಮೀಟರಲ್ಲಿ ಅರ್ಧ ಸೆಂಟಿಮೀಟರ್ ಕಂಡವರು ಅವರು. 2018ರಲ್ಲಿ ಅವರಿಗೆ 30 ಲಕ್ಷ ಡಾಲರಿನ ಬ್ರೇಕ್‌ಥ್ರೂ ಪ್ರಶಸ್ತಿ ಬಂದಾಗ ಪೂರ್ತಿ ಹಣವನ್ನ ಅವಕಾಶ ಸಿಗದ ವಿದ್ಯಾರ್ಥಿಗಳ ಸಂಶೋಧನೆಗೆ ಕೊಟ್ಟುಬಿಟ್ರು.

ನಕ್ಷತ್ರ ಅಷ್ಟು ಬೇಗ ತಿರುಗತ್ತಾ?

ಈಗ ನಮ್ಮ ಎರಡು ದೀಪಕ್ಕೆ ಬರೋಣ. ಸೆಕೆಂಡಿಗೊಮ್ಮೆ ಮಿಡಿಯೋ ವಸ್ತು ಏನು? ಉಬ್ಬಿ ಕುಗ್ಗಿ ಮಿನುಗೋ ನಕ್ಷತ್ರವೋ, ತಿರುಗೋ ನಕ್ಷತ್ರವೋ?

ನಮ್ಮ ಸೂರ್ಯ ಒಂದು ಸುತ್ತು ತಿರುಗೋಕೆ ಹೆಚ್ಚೂಕಮ್ಮಿ 25 ದಿನ ತಗೊಳತ್ತೆ. ಅದನ್ನ ಸೆಕೆಂಡಿಗೊಂದು ಸುತ್ತು ತಿರುಗಿಸಿದ್ರೆ ಚೂರುಚೂರಾಗಿ ಹಾರಿಹೋಗತ್ತೆ. ರುಬ್ಬೋ ಮಿಕ್ಸಿ ಮುಚ್ಚಳ ತೆಗೆದ್ರೆ ಚಟ್ನಿ ಗೋಡೆಗೆ ಹಾರೋ ಲೆಕ್ಕವೇ. ತಿರುಗಬೇಕಾದ್ರೆ ವಸ್ತು ಚಿಕ್ಕದಿರಬೇಕು, ತನ್ನನ್ನ ತಾನು ಬಿಗಿಯಾಗಿ ಹಿಡಿದುಕೊಂಡಿರಬೇಕು. ಅಂಥ ವಸ್ತು ಕಾಗದದ ಮೇಲೆ ಮೊದಲೇ ಇತ್ತು. 1932ರಲ್ಲಿ ನ್ಯೂಟ್ರಾನ್ ಸಿಕ್ಕಿತು. ಅದಾಗಿ ಎರಡೇ ವರ್ಷಕ್ಕೆ ವಾಲ್ಟರ್ ಬಾಡೆ, ಫ್ರಿಟ್ಜ್ ಜ್ವಿಕಿ ಇಬ್ಬರೂ ದೊಡ್ಡ ನಕ್ಷತ್ರ ಸಿಡಿದಾಗ ಒಳಗಿನ ತಿರುಳು ಕುಸಿದು ಬರೀ ನ್ಯೂಟ್ರಾನ್‌ಗಳ ಗುಂಡಾಗಬಹುದು ಅಂತ ಬರೆದಿದ್ರು. ನಂಬಿದವರು ಕಮ್ಮಿ. ಸೂರ್ಯನಿಗಿಂತ ಹೆಚ್ಚು ತೂಕ, ಅಗಲ ಮಾತ್ರ 20-25 ಕಿಲೋಮೀಟರ್. ಕೋಠಿಯಿಂದ ಗಚ್ಚಿಬೌಲಿಗೆ ಹೋಗುವಷ್ಟು. ಒಂದು ಸಕ್ಕರೆ ಚೌಕದಷ್ಟು ಅದರ ದ್ರವ್ಯ ತೂಗಿದ್ರೆ ಹತ್ತಾರು ಕೋಟಿ ಟನ್ (ಈ ಸಲ ಸಂಖ್ಯೆಯ ಕೋಟಿಯೇ).

ಇಷ್ಟು ಕುಗ್ಗಿದ್ರೆ ತಿರುಗೋ ವೇಗ ತಾನಾಗೇ ಏರತ್ತೆ. ಕೈ ಚಾಚಿ ಗಿರಗಿರ ಸುತ್ತೋ ಹುಡುಗ ಕೈ ಮಡಚಿಕೊಂಡ್ರೆ ಬೇಗ ಸುತ್ತೋದಿಲ್ವೆ, ಹಾಗೆ.

1967ರಲ್ಲೇ ಫ್ರಾಂಕೊ ಪಚೀನಿ, ಮುಂದಿನ ವರ್ಷ ಥಾಮಸ್ ಗೋಲ್ಡ್, ತಿರುಗೋ ನ್ಯೂಟ್ರಾನ್ ನಕ್ಷತ್ರದ ಮಾತೆತ್ತಿದ್ರು. ಗೋಲ್ಡ್ ಅವರದ್ದು ದೀಪಸ್ತಂಭದ ಚಿತ್ರ: ಸಂಕೇತ ಎಂದೂ ಆರೋದಿಲ್ಲ, ಸುತ್ತುವ ಕಿರಣ ನಮ್ಮ ಕಡೆ ತಿರುಗಿದಾಗ ಮಾತ್ರ ಕಾಣತ್ತೆ. ಅದು ನಿಜವಾದ್ರೆ ಎರಡು ಸಂಗತಿ ಕಾಣಬೇಕು ಅಂದ್ರು. ಇನ್ನೂ ಬೇಗ ತಿರುಗೋ ಪಲ್ಸಾರ್‌ಗಳು ಸಿಗಬೇಕು, ಮತ್ತು ಎಲ್ಲವೂ ನಿಧಾನಕ್ಕೆ ಸುಸ್ತಾಗ್ತಾ ಹೋಗಬೇಕು. ವರ್ಷ ಮುಗಿಯೋದರೊಳಗೆ ಎರಡೂ ಸಿಕ್ಕವು. 1054ರಲ್ಲಿ ಚೀನಾದವರು ಸಿಡಿದದ್ದನ್ನ ನೋಡಿ ಬರೆದಿಟ್ಟ ನಕ್ಷತ್ರದ ಅವಶೇಷ ಏಡಿ ನೀಹಾರಿಕೆ. ಅದರ ನಡುವೆ ಸೆಕೆಂಡಿಗೆ 30 ಸಲ ಮಿಡಿಯೋ ಪಲ್ಸಾರ್ ಸಿಕ್ಕಿತು. ಅದರ ಒಂದು ಸುತ್ತಿನ ಕಾಲ ದಿನಕ್ಕೆ ಸುಮಾರು 36 ನ್ಯಾನೋಸೆಕೆಂಡ್ ಹಿಗ್ಗುತ್ತಿತ್ತು. ಕಳೆದುಹೋಗ್ತಿದ್ದ ಆ ತಿರುಗುಶಕ್ತಿಯ ಲೆಕ್ಕ ಹಾಕಿದ್ರೆ ಇಡೀ ನೀಹಾರಿಕೆ ಬೆಳಗೋದಕ್ಕೆ ಬೇಕಾದಷ್ಟು ಆಗ್ತಿತ್ತು, ಲಕ್ಷ ಸೂರ್ಯರ ಬೆಳಕಿನ ಮಟ್ಟಕ್ಕೆ.

ಸೆಕೆಂಡಿಗೆ 30 ಸಲ ಅನ್ನೋ ಅಂಕಿ ಶ್ವೇತಕುಬ್ಜ ನಕ್ಷತ್ರಗಳನ್ನ ಆಟದಿಂದ ಹೊರಗೆ ಹಾಕ್ತು, ಅವು ಅಷ್ಟು ಬೇಗ ಉಬ್ಬಿ ಕುಗ್ಗಲೂ ಆಗದು, ತಿರುಗಲೂ ಆಗದು. ನ್ಯೂಟ್ರಾನ್ ನಕ್ಷತ್ರ ಕಂಪಿಸಿದ್ರೆ ಸೆಕೆಂಡಿನ ಸಾವಿರದ ಕೆಲವು ಭಾಗದಲ್ಲಿ ಕಂಪಿಸತ್ತೆ, ಬೆಲ್ ಕಂಡ 1.337 ಸೆಕೆಂಡ್ ಅದಕ್ಕೆ ತೀರಾ ನಿಧಾನ. ಉಳಿದದ್ದು ತಿರುಗೋದು ಒಂದೇ.

ಆದ್ರೆ ನೋಡಿ, ಇದೆಲ್ಲ ಕಳೆಯೋ ಲೆಕ್ಕ. ಇದಲ್ಲ, ಅದಲ್ಲ, ಹಾಗಾದ್ರೆ ಇದು. ತಿರುಗತ್ತೆ ಅಂತ ಒಪ್ಪಿದ್ರೂ, ಕಿರಣ ನಕ್ಷತ್ರದ ಯಾವ ಜಾಗದಿಂದ ಬರತ್ತೆ ಅನ್ನೋದು ಗೊತ್ತಿರಲಿಲ್ಲ.

ಒಂದು ಕೋನ

ಅದನ್ನ ತೋರಿಸಿಕೊಟ್ಟವರು ವೆಂಕಟರಾಮನ್ ರಾಧಾಕೃಷ್ಣನ್. ಸರ್ ಸಿ.ವಿ. ರಾಮನ್ ಅವರ ಮಗ, 1929ರಲ್ಲಿ ಹುಟ್ಟಿದವರು, ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಆನರ್ಸ್. ಪಿಎಚ್‌ಡಿ ಮಾಡಲೇ ಇಲ್ಲ. ಸ್ವೀಡನ್, ಕ್ಯಾಲ್ಟೆಕ್ ಸುತ್ತಿ ಆಸ್ಟ್ರೇಲಿಯಾದಲ್ಲಿ ಪಾರ್ಕ್ಸ್ ಅನ್ನೋ ಊರಿನ 64 ಮೀಟರ್ ಅಗಲದ ದೊಡ್ಡ ಡಿಶ್ ಹತ್ತಿರ ಕೆಲಸ ಮಾಡ್ತಿದ್ರು. ಹಾಯಿದೋಣಿ, ಹ್ಯಾಂಗ್ ಗ್ಲೈಡರ್ ಹುಚ್ಚಿನ ಮನುಷ್ಯ. ರೆಸ್ಯೂಮೆಯಲ್ಲಿ ಡಿಗ್ರಿ ಕಾಲಂ ನೋಡಿ ಆರಿಸೋರು ಇಂಥವರನ್ನ ಮೊದಲ ಸುತ್ತಲ್ಲೇ ಬಿಟ್ಟುಬಿಡ್ತಿದ್ರೇನೋ.

1968ರಲ್ಲಿ ದಕ್ಷಿಣದ ಆಕಾಶದಲ್ಲಿ ವೇಲಾ ಅನ್ನೋ ಪಲ್ಸಾರ್ ಸಿಕ್ಕಿತ್ತು, ಸೆಕೆಂಡಿಗೆ 11 ಮಿಡಿತ. ರಾಧಾಕೃಷ್ಣನ್ ಮತ್ತು ಜೊತೆಗಾರರು ಅದರ ಒಂದೊಂದು ಮಿಡಿತದ ಒಳಗೆ ಕಣ್ಣಿಟ್ಟರು. ಅವರು ಅಳೆದದ್ದು ಅಲೆ ಎಷ್ಟು ಜೋರು ಅನ್ನೋದನ್ನ ಮಾತ್ರ ಅಲ್ಲ, ಅಲೆ ಯಾವ ಕಡೆಗೆ ಆಡ್ತಿದೆ ಅನ್ನೋದನ್ನೂ.

ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ಜಾಗ. ಬಾವಿ ಹಗ್ಗದ ಒಂದು ತುದಿ ಕಟ್ಟಿ ಇನ್ನೊಂದು ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಅಲೆ ನೆಟ್ಟಗೆ ಆಡತ್ತೆ, ಪಕ್ಕಕ್ಕೆ ಅಲ್ಲಾಡಿಸಿದ್ರೆ ಅಡ್ಡಡ್ಡ ಆಡತ್ತೆ. ರೇಡಿಯೋ ಅಲೆಗೂ ಹಾಗೆ ಒಂದು ಆಡುವ ದಿಕ್ಕಿದೆ, ಇದನ್ನ ಧ್ರುವೀಕರಣ ಅಂತಾರೆ. ವೇಲಾದ ಒಂದು ಮಿಡಿತ ಬಂದು ಹೋಗೋ ಕೆಲವೇ ಮಿಲಿಸೆಕೆಂಡಿನಲ್ಲಿ ಈ ದಿಕ್ಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ನುಣ್ಣಗೆ ಹೊರಳ್ತಿತ್ತು. ಮುಂದಿನ ಮಿಡಿತದಲ್ಲೂ ಅದೇ ಹೊರಳು. ಅದರ ಮುಂದಿನದ್ದರಲ್ಲೂ ಅದೇ.

ಯಾಕೆ? ಒಂದು ಸೈಕಲ್ ಚಕ್ರ ನೆನಪಿಸ್ಕೊಳ್ಳಿ. ನಡುವಿನ ಗುಂಬದಿಂದ ಕಡ್ಡಿಗಳು ಸುತ್ತಲೂ ಹರಡಿವೆ. ಗುಂಬಕ್ಕೆ ಸ್ವಲ್ಪ ಮೇಲೆ ಒಂದು ಕೋಲನ್ನ ಅಡ್ಡಲಾಗಿ ಹಿಡಿದು ಎಡದಿಂದ ಬಲಕ್ಕೆ ಬೆರಳು ಓಡಿಸಿ. ಮೊದಲು ಎಡಕ್ಕೆ ವಾಲಿದ ಕಡ್ಡಿ, ನಡುವಲ್ಲಿ ನೆಟ್ಟಗಿರೋ ಕಡ್ಡಿ, ಆಮೇಲೆ ಬಲಕ್ಕೆ ವಾಲಿದ ಕಡ್ಡಿ. ಗುಂಬದ ಹತ್ತಿರ ಬಂದಾಗ ಕೋನ ಬಲು ಬೇಗ ಬದಲಾಗತ್ತೆ, ದೂರದಲ್ಲಿ ನಿಧಾನ. ಆಯಸ್ಕಾಂತದ ಧ್ರುವದಿಂದ ಹೊರಡೋ ಬಲರೇಖೆಗಳೂ ಮೇಲಿಂದ ನೋಡಿದ್ರೆ ಈ ಕಡ್ಡಿಗಳ ಹಾಗೇ ಹರಡಿರ್ತವೆ. ನಕ್ಷತ್ರ ತಿರುಗುವಾಗ ಅದರ ಕಾಂತಧ್ರುವ ನಮ್ಮ ಕಣ್ಣೆದುರು ಹಾದುಹೋಗತ್ತೆ, ನಮ್ಮ ದೃಷ್ಟಿ ಆ ಕಡ್ಡಿಗಳನ್ನ ಒಂದೊಂದಾಗಿ ಸವರಿಕೊಂಡು ಹೋಗತ್ತೆ. ಅಲೆ ಆಡೋ ದಿಕ್ಕು ಆಯಾ ಕ್ಷಣದ ಕಡ್ಡಿಗೆ ಕಟ್ಟುಬಿದ್ದಿರತ್ತೆ.

1969ರಲ್ಲಿ ರಾಧಾಕೃಷ್ಣನ್ ಮತ್ತು ಡೇವಿಡ್ ಕುಕ್ ಇದನ್ನ ಬರೆದ್ರು. ಕಿರಣ ಹೊರಡೋದು ಕಾಂತಧ್ರುವದ ಮೇಲಿಂದ, ಮತ್ತು ಆ ಧ್ರುವ ತಿರುಗುವ ಅಕ್ಷದಿಂದ ವಾಲಿಕೊಂಡಿದೆ. ಬರೀ ಮಿನುಗೋ ದೀಪಕ್ಕೆ ಪ್ರತಿಸಲ ಅದೇ ಥರ ಕೋನ ಹೊರಳಿಸೋಕೆ ಕಾರಣವೇ ಇಲ್ಲ. ಕಾರಿಡಾರಿನ ಆ ತುದಿಗೆ ಹೋಗದೆ, ಈ ತುದಿಯಲ್ಲೇ ಕೂತು ಯಾವ ದೀಪ ಅಂತ ಹೇಳಿದ್ದು ಈ ಕೋನ. ಇವತ್ತಿಗೂ ಹೊಸ ಪಲ್ಸಾರ್ ಸಿಕ್ಕರೆ ಅದರ ಧ್ರುವ ಎಷ್ಟು ವಾಲಿದೆ ಅಂತ ಅಂದಾಜು ಮಾಡೋಕೆ ಇವರಿಬ್ಬರ ಆ ವಕ್ರರೇಖೆಯನ್ನೇ ಹಾಕಿ ನೋಡ್ತಾರೆ. ಐನ್‌ಸ್ಟೈನು, ಹಾಕಿಂಗು ಅಂತ ಬಾಯಿಪಾಠ ಹೇಳೋ ನಮ್ಮ ಮಕ್ಕಳ ಪಠ್ಯದಲ್ಲಿ ಇದಕ್ಕೆ ಒಂದು ಪ್ಯಾರಾ ಜಾಗ ಇದ್ದಿದ್ರೆ ಚೆನ್ನಾಗಿತ್ತು.

ಅದೇ ವರ್ಷ ರಾಧಾಕೃಷ್ಣನ್ ಮತ್ತು ರಿಚರ್ಡ್ ಮ್ಯಾಂಚೆಸ್ಟರ್ ಇನ್ನೊಂದು ವಿಚಿತ್ರ ಕಂಡರು. ನಿಧಾನ ಆಗ್ತಾ ಹೋಗಬೇಕಾದ ವೇಲಾ ಇದ್ದಕ್ಕಿದ್ದ ಹಾಗೆ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ಬೇಗ ತಿರುಗೋಕೆ ಶುರುಮಾಡಿತ್ತು. ಇದಕ್ಕೆ ಬಿದ್ದ ಹೆಸರು ಗ್ಲಿಚ್. ಹೌದು, ನಮ್ಮ ಸ್ಟ್ಯಾಂಡಪ್ ಮೀಟಿಂಗಿನ ಅದೇ ಗ್ಲಿಚ್.

ಇನ್ನು ಕಿರಣ ಹುಟ್ಟೋದು ಹೇಗೆ? ಚಿಕ್ಕದಾಗಿ ಹೇಳ್ತೀನಿ. ಭೂಮಿಯ ಕಾಂತಕ್ಷೇತ್ರ ಅರ್ಧ ಗಾಸ್ ಸುಮಾರು. ಸಾಮಾನ್ಯ ಪಲ್ಸಾರ್‌ನದ್ದು ಒಂದು ಲಕ್ಷ ಕೋಟಿ ಗಾಸ್ ಮಟ್ಟ. ಅಂಥ ಆಯಸ್ಕಾಂತ ಗಿರಗಿರ ತಿರುಗಿದ್ರೆ ಅದೊಂದು ಡೈನಮೋ. ಧ್ರುವದ ಹತ್ತಿರ ಲಕ್ಷ ಕೋಟಿ ವೋಲ್ಟ್ ಹುಟ್ಟತ್ತೆ. ಅದು ಮೇಲ್ಮೈಯಿಂದ ಕಣಗಳನ್ನ ಕಿತ್ತು ಬಲರೇಖೆಗುಂಟ ಓಡಿಸತ್ತೆ. ಕಣ ರೈಲಿನ ಹಾಗೆ, ಹಳಿ ಬಿಟ್ಟು ಹೋಗುವಂತಿಲ್ಲ. ಹಳಿ ಬಾಗಿದಲ್ಲಿ ಅದೂ ಬಾಗಬೇಕು, ಬಾಗಿದಾಗ ಗ್ಯಾಮಾ ಕಿರಣ ಉಗುಳತ್ತೆ. ಆ ಗ್ಯಾಮಾ ಕಿರಣ ಈ ಘೋರ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗಿ ಒಡೆಯತ್ತೆ, ಅವೂ ಓಡ್ತವೆ, ಅವೂ ಉಗುಳ್ತವೆ, ಒಂದು ಹಿಂಡೇ ಆಗತ್ತೆ. ಈ ಹಿಂಡು ಒಂದೇ ಲಯದಲ್ಲಿ ಆಡಿದಾಗ ಹೊರಡೋದು ನಾವು ಹಿಡಿಯೋ ರೇಡಿಯೋ ಅಲೆ.

ಎಲ್ಲ ಹಳಿಗಳಿಂದ ಇದು ಹೊರಗೆ ಬರೋದಿಲ್ಲ. ಹೆಚ್ಚಿನ ಬಲರೇಖೆಗಳು ಒಂದು ಧ್ರುವದಿಂದ ಹೊರಟು ಇನ್ನೊಂದಕ್ಕೆ ಸೇರಿಬಿಡ್ತವೆ. ಆದ್ರೆ ನಕ್ಷತ್ರದ ಜೊತೆ ಸುತ್ತಬೇಕಾದ ರೇಖೆ ತುಂಬ ದೂರ ಚಾಚಿಕೊಂಡ್ರೆ ಅದರ ತುದಿ ಬೆಳಕಿಗಿಂತ ಬೇಗ ಓಡಬೇಕಾಗತ್ತೆ. ಸೆಕೆಂಡಿಗೊಂದು ಸುತ್ತು ತಿರುಗೋ ನಕ್ಷತ್ರಕ್ಕೆ ಆ ಎಲ್ಲೆ ಸುಮಾರು 48,000 ಕಿಲೋಮೀಟರ್. ಅದನ್ನ ದಾಟೋ ರೇಖೆಗಳು ತೆರೆದೇ ಇರ್ತವೆ, ಕಣಗಳಿಗೆ ಹೊರಗೆ ದಾರಿ ಅವು ಮಾತ್ರ. ನಕ್ಷತ್ರದ ನೆಲದ ಮೇಲೆ ಅಂಥ ರೇಖೆಗಳು ಹೊರಡೋ ಜಾಗ ಧ್ರುವದ ಸುತ್ತ 150 ಮೀಟರ್ ತ್ರಿಜ್ಯದ ಒಂದು ವೃತ್ತ. ಕೋಠಿಯ ರೆಸಿಡೆನ್ಸಿ ಕಾಂಪೌಂಡಿನೊಳಗೆ ಹಿಡಿಸತ್ತೆ. ಸಾವಿರಾರು ಬೆಳಕಿನ ವರ್ಷ ದೂರಕ್ಕೆ ಕಾಣೋ ಕಿರಣದ ಬುಡ ಅಷ್ಟೇ.

ಕಾಚಿಗುಡದ ರೈಲಿನ ದಾರಿಯಲ್ಲಿ

1970ರಲ್ಲಿ ರಾಮನ್ ತೀರಿಕೊಂಡ್ರು. 1972ರಲ್ಲಿ ರಾಧಾಕೃಷ್ಣನ್ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ್ರು. ಅದೇ ಹೊತ್ತಿಗೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯನ್ನ ಕಟ್ಟುತ್ತಾ ಇದ್ದವರು ವೇಣು ಬಾಪು. ಅವರು ಹೈದರಾಬಾದಿನ ಹುಡುಗ. ಮನೆತನ ತಲಶ್ಶೇರಿಯದ್ದು, ಆದ್ರೆ ತಂದೆ ಇಲ್ಲಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಖಗೋಳಜ್ಞರಾಗಿದ್ರು. ಬೇಗಂಪೇಟೆಯ ಆ ವೀಕ್ಷಣಾಲಯದಲ್ಲೇ ಬಾಪು ಆಕಾಶ ನೋಡೋಕೆ ಕಲಿತದ್ದು. ಓದಿದ್ದು ನಿಜಾಂ ಕಾಲೇಜಿನಲ್ಲಿ, ಕೋಠಿಯಿಂದ ನಡೆದೇ ಹೋಗಬಹುದು. ಈ ಎರಡು ಸಂಸ್ಥೆ ಕೈ ಸೇರಿಸಿ 1976ರಲ್ಲಿ ಗೌರಿಬಿದನೂರು ಹತ್ತಿರದ ಕೋಟಾಲದಿನ್ನೆಯಲ್ಲಿ ಒಂದು ರೇಡಿಯೋ ವೀಕ್ಷಣಾಲಯ ಶುರುಮಾಡಿದವು. ಅದನ್ನ ನಿಲ್ಲಿಸಿ ಕಟ್ಟಿದವರಲ್ಲಿ ಮುಖ್ಯರು ಸಿಎಚ್.ವಿ. ಶಾಸ್ತ್ರಿ.

ದೊಡ್ಡ ಡಿಶ್ ಕಲ್ಪಿಸ್ಕೊಳ್ಳಬೇಡಿ. ಬಟ್ಟೆ ಒಣಹಾಕೋ ತಂತಿ ಕಂಬಗಳ ಹಾಗೆ ಸಾಲು ಸಾಲು ಸಾವಿರ ಡೈಪೋಲ್‌ಗಳು, ಇಂಗ್ಲಿಷ್ 'ಟಿ' ಅಕ್ಷರದ ಆಕಾರದಲ್ಲಿ. ಪೂರ್ವ-ಪಶ್ಚಿಮ ತೋಳು 1.4 ಕಿಲೋಮೀಟರ್, ದಕ್ಷಿಣದ್ದು ಸುಮಾರು ಅರ್ಧ ಕಿಲೋಮೀಟರ್. ಹಿಡಿಯೋದು 34.5 ಮೆಗಾಹರ್ಟ್ಸ್, ಅಂದ್ರೆ ಒಂಬತ್ತು ಮೀಟರಿಗೆ ಹತ್ತಿರದ ಉದ್ದನೆ ಅಲೆ. ಪಲ್ಸಾರ್‌ಗಳನ್ನ ಇಷ್ಟು ಕೆಳಗಿನ ಸ್ಥಾಯಿಯಲ್ಲಿ ಕೇಳಬಲ್ಲ ಜಾಗ ಜಗತ್ತಲ್ಲಿ ಬೆರಳೆಣಿಕೆಯಷ್ಟೇ ಇದ್ದವು. ಕಾಚಿಗುಡದಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗೋರು ಹಿಂದೂಪುರ ದಾಟಿದ ಮೇಲೆ ಗೌರಿಬಿದನೂರನ್ನ ನಿದ್ದೆಯಲ್ಲೇ ದಾಟಿರ್ತೀರಿ. ವೋಲ್ವೋ ಬಸ್ಸಿನವರಿಗೆ ಆ ಭಾಗ್ಯವೂ ಇಲ್ಲ, ಹೈವೇ ಬೇರೆ ಕಡೆ ಹೋಗತ್ತೆ.

ಹುಬ್ಬಳ್ಳಿಯ ಹುಡುಗ

ಈ ಭಾಗ ಐಟಿಯವರಿಗೆ ಅಂತ ಉಳಿಸಿಕೊಂಡಿದ್ದೆ. 1981ರಲ್ಲಿ ಇನ್ಫೋಸಿಸ್ ಶುರುವಾಯ್ತು ಅಂತ ಎಲ್ರಿಗೂ ಗೊತ್ತು. ಸುಧಾ ಮೂರ್ತಿಯವರ ತಮ್ಮ ಶ್ರೀನಿವಾಸ ಕುಲಕರ್ಣಿ ಮುಂದಿನ ವರ್ಷ ಏನು ಮಾಡಿದ್ರು ಅಂತ ಎಷ್ಟು ಜನಕ್ಕೆ ಗೊತ್ತು? ಹುಟ್ಟಿದ್ದು 1956ರಲ್ಲಿ ಕುರುಂದವಾಡದಲ್ಲಿ, ಬೆಳೆದದ್ದು ಹುಬ್ಬಳ್ಳಿಯಲ್ಲಿ. ದೆಹಲಿ ಐಐಟಿ ಮುಗಿಸಿ ಬರ್ಕ್ಲಿಯಲ್ಲಿ ಪಿಎಚ್‌ಡಿ ಮಾಡ್ತಿದ್ರು.

ಅಲ್ಲಿ ಡಾನ್ ಬ್ಯಾಕರ್ ಅನ್ನೋರಿಗೆ ಒಂದು ರೇಡಿಯೋ ಮೂಲದ ಮೇಲೆ ಗುಮಾನಿ. ಅದರ ನಡವಳಿಕೆಯೆಲ್ಲ ಪಲ್ಸಾರ್ ಥರ, ಮಿಡಿತ ಮಾತ್ರ ಕಾಣ್ತಿರಲಿಲ್ಲ. ಬಹುಶಃ ಮಿಡಿತ ಇದೆ, ನಮ್ಮ ಯಂತ್ರ ಹಿಡಿಯೋಕೆ ಆಗದಷ್ಟು ವೇಗ ಅಂತ ಯೋಚನೆ. ನಮ್ಮ ಭಾಷೇಲಿ, ಸ್ಯಾಂಪ್ಲಿಂಗ್ ರೇಟ್ ಸಾಲದು. 1982ರ ಕೊನೆಯಲ್ಲಿ ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಲ್ಲಿ ಬೇಗ ಬೇಗ ಸ್ಯಾಂಪಲ್ ತೆಗೆದು ನೋಡಿದಾಗ ಸಿಕ್ಕಿತು: 1.558 ಮಿಲಿಸೆಕೆಂಡಿಗೊಂದು ಮಿಡಿತ. ಸೆಕೆಂಡಿಗೆ 642 ಸುತ್ತು. ಸಮಭಾಜಕದಲ್ಲಿ ನಿಂತಿದ್ರೆ ನೀವು ಬೆಳಕಿನ ವೇಗದ ಎಂಟನೇ ಒಂದು ಪಾಲಿನಷ್ಟು ವೇಗದಲ್ಲಿ ಸುತ್ತುತ್ತಿರ್ತೀರಿ. ಮಿಡಿತವನ್ನ ಸ್ಪೀಕರ್‌ಗೆ ಕೊಟ್ರೆ ಟಕ್ ಟಕ್ ಕೇಳೋದಿಲ್ಲ, ಒಂದೇ ಶ್ರುತಿ ಹಿಡಿದ ಹಾಗೆ ಕೇಳತ್ತೆ. ಬ್ಯಾಕರ್, ಕುಲಕರ್ಣಿ ಮತ್ತಿತರರ ಲೇಖನ ಡಿಸೆಂಬರಿನಲ್ಲಿ 'ನೇಚರ್'ನಲ್ಲಿ ಬಂತು. ಮೊದಲ ಮಿಲಿಸೆಕೆಂಡ್ ಪಲ್ಸಾರ್ ಅದು. ಕುಲಕರ್ಣಿಯವರಿಗೆ ಆಗ 26.

ಸಮಸ್ಯೆ ಏನಂದ್ರೆ, ಇಷ್ಟು ಬೇಗ ತಿರುಗೋದು ಎಳೆಯ ಪಲ್ಸಾರ್ ಆಗಿರಬೇಕು, ಅಂದ್ರೆ ಏಡಿ ನೀಹಾರಿಕೆಯ ಹಾಗೆ ಸುತ್ತ ಸಿಡಿದ ಅವಶೇಷ ಇರಬೇಕು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಅದೇ ಡಿಸೆಂಬರಿನಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಉತ್ತರ ಬರೆದ್ರು. ಇದು ಎಳೆಯದಲ್ಲ, ಮುದುಕ. ಸುಸ್ತಾಗಿ ಮಿಡಿತ ನಿಲ್ಲಿಸಿದ್ದ ಹಳೇ ಪಲ್ಸಾರ್‌ಗೆ ಜೊತೆ ನಕ್ಷತ್ರ ಒಂದಿತ್ತು. ಅದರಿಂದ ಅನಿಲ ಸುರುಳಿ ಸುತ್ತುತ್ತಾ ಬಂದು ಬಿದ್ದು, ಬುಗುರಿಗೆ ಚಾಟಿ ಬೀಸಿದ ಹಾಗೆ ಮತ್ತೆ ತಿರುಗಿಸಿದೆ. ಹಾಗಿದ್ರೆ ಅದರ ಕಾಂತಕ್ಷೇತ್ರ ಬಹಳ ಕಮ್ಮಿ ಇರಬೇಕು, ಅದು ಸುಸ್ತಾಗೋದೂ ಬಲು ನಿಧಾನ ಇರಬೇಕು ಅಂದ್ರು. ಅಳೆದು ನೋಡಿದಾಗ ಹಾಗೇ ಇತ್ತು. ಅಮೆರಿಕದ ಇನ್ನೊಂದು ಗುಂಪು, ಅಲ್ಪರ್, ರುಡರ್‌ಮನ್ ಮತ್ತಿತರರು, ಸ್ವತಂತ್ರವಾಗಿ ಅದೇ ಮಾತನ್ನ ಅದೇ ತಿಂಗಳು 'ನೇಚರ್'ನಲ್ಲಿ ಹೇಳಿದ್ರು. ಈಗ ಎರಡನ್ನೂ ಜೊತೆಗೇ ಉಲ್ಲೇಖಿಸ್ತಾರೆ. ಚಾಟಿ ಬೀಸ್ತಾ ಇರೋವಾಗಲೇ ಸಿಕ್ಕಿಬಿದ್ದ ನಕ್ಷತ್ರ, ಸೆಕೆಂಡಿಗೆ 401 ಸುತ್ತಿನದ್ದು, 1998ರಲ್ಲಿ ಎಕ್ಸ್‌ರೇಯಲ್ಲಿ ಕಂಡಿತು.

ಈ ಮುದುಕ ಪಲ್ಸಾರ್‌ಗಳು ಅಲುಗದ ಗಡಿಯಾರಗಳು. ಅವನ್ನೇ ವರ್ಷಗಟ್ಟಲೆ ನೋಡುತ್ತಾ ಕೂತ ಭಾರತೀಯ ಗುಂಪಿನಲ್ಲಿ ಈಗ ರಾಮನ್ ಸಂಸ್ಥೆಯ ಜೊತೆಗೆ ನಮ್ಮ ಐಐಟಿ ಹೈದರಾಬಾದಿನವರೂ ಇದ್ದಾರೆ. 2023ರ ಜೂನ್‌ನಲ್ಲಿ ಬ್ರಹ್ಮಾಂಡದ ತುಂಬ ಗುಣುಗುಡೋ ಗುರುತ್ವ ಅಲೆಗಳ ಸುಳಿವು ಸಿಕ್ಕಿದೆ ಅಂತ ಸುದ್ದಿ ಬಂತಲ್ಲ, ಅದರಲ್ಲಿ ಇವರದ್ದೂ ಪಾಲಿತ್ತು. ಅದಕ್ಕೆ ಬೇರೆ ವಿಡಿಯೋನೇ ಬೇಕು.

ಗೌರಿಬಿದನೂರಿನ ಒಂದು ಕೆಲಸ ಹೇಳದೆ ಮುಗಿಸೋಕಾಗಲ್ಲ. ಬಿ0943+10 ಅನ್ನೋ ಒಂದು ಪಲ್ಸಾರ್ ಇದೆ, 1.1 ಸೆಕೆಂಡಿಗೊಂದು ಸುತ್ತು. ಅದರ ಮಿಡಿತದ ಒಳಗೆ ಇನ್ನೂ ಸಣ್ಣ ಸಣ್ಣ ಮಿಡಿತ, ಅವು ಸುತ್ತಿನಿಂದ ಸುತ್ತಿಗೆ ಪಕ್ಕಕ್ಕೆ ಸರೀತಾ ಹೋಗ್ತವೆ. ಧ್ರುವದ ಹತ್ತಿರ ಕಿಡಿಗಳು ಹಾರ್ತಾ ವೃತ್ತಾಕಾರದಲ್ಲಿ ಸರಿಯಬೇಕು ಅಂತ ರುಡರ್‌ಮನ್ ಮತ್ತು ಸದರ್‌ಲ್ಯಾಂಡ್ 1975ರಲ್ಲೇ ಹೇಳಿದ್ರು. 1999ರಲ್ಲಿ ರಾಮನ್ ಸಂಸ್ಥೆಯ ಅವಿನಾಶ್ ದೇಶಪಾಂಡೆ ಮತ್ತು ಅಮೆರಿಕದ ಜೋನಾ ರ‍್ಯಾಂಕಿನ್ ಅರೆಸಿಬೊ ದತ್ತಾಂಶ ಬಿಡಿಸಿ ನಕ್ಷೆಯನ್ನೇ ಬರೆದ್ರು: ಧ್ರುವದ ಸುತ್ತ 20 ಕಿರಣಗಳು, ಜಾತ್ರೆಯ ತಿರುಗುಕುದುರೆಗಳ ಹಾಗೆ ಸಾಲಾಗಿ ಸುತ್ತುತ್ತಾ, ಒಂದು ಪ್ರದಕ್ಷಿಣೆಗೆ ನಕ್ಷತ್ರದ ಸುಮಾರು 37 ಸುತ್ತು. ಇದು ಒಂದೇ ತರಂಗಾಂತರದ ಚಮತ್ಕಾರ ಇರಬಹುದಲ್ಲ? ಕೆಳಸ್ಥಾಯಿಯ ಅಲೆ ನಕ್ಷತ್ರದ ನೆಲದಿಂದ ಇನ್ನೂ ಎತ್ತರದಲ್ಲಿ ಹುಟ್ಟತ್ತೆ, ಅಲ್ಲಿ ಕಿರಣ ಅಗಲ. ಅಲ್ಲೂ ಅದೇ ಲೆಕ್ಕ ಬರಬೇಕು. 2001ರಲ್ಲಿ ಆಶಿಶ್ ಅಸಗೇಕರ್ ಮತ್ತು ದೇಶಪಾಂಡೆ ಗೌರಿಬಿದನೂರಿನ ತಂತಿ ಸಾಲುಗಳಲ್ಲಿ ಹಿಡಿದ 35 ಮೆಗಾಹರ್ಟ್ಸ್ ಸಂಕೇತದಲ್ಲಿ ಅದನ್ನೇ ಹುಡುಕಿದ್ರು. ಅಲ್ಲೂ 20 ಕಿರಣ, ಅದೇ ಪ್ರದಕ್ಷಿಣೆ.

ಆ ಕಿಡಿಗಳಲ್ಲಿ ಕೋಟ್ಯಂತರ ಕಣಗಳು ಒಂದೇ ಲಯಕ್ಕೆ ಹೇಗೆ ಬೀಳ್ತವೆ ಅನ್ನೋದು ಮಾತ್ರ 1967ರಿಂದ ಇವತ್ತಿನವರೆಗೂ ಪೂರ್ತಿ ಬಗೆಹರಿದಿಲ್ಲ. ಮೇಲೆ ನಾನು 'ಹಿಂಡು ಒಂದೇ ಲಯದಲ್ಲಿ ಆಡಿದಾಗ' ಅಂತ ಒಂದೇ ಸಾಲಲ್ಲಿ ದಾಟಿಸಿಬಿಟ್ಟೆನಲ್ಲ, ಆ ಸಾಲಿನ ಮೇಲೆ ಕೆಲಸ ಇನ್ನೂ ನಡೀತಿದೆ.